ಪುಸ್ತಕದಲ್ಲಿ ಬೆಲೆಯಿಲ್ಲದ ಯಂತ್ರ, ಯಾರೂ ಬರೆದಿಡದ ಜೋಡಣೆ

ಗಣಕಯಂತ್ರದ ಸವಕಳಿಯ ಲೆಕ್ಕ ಬಹಳ ನಿಷ್ಠುರವಾದುದು. ಆದಾಯ ತೆರಿಗೆ ನಿಯಮಗಳಲ್ಲಿ ಬಹುಕಾಲ ಅದರ ದರ ಶೇಕಡಾ 60 ಇದ್ದಿತು. 2017ರ ಏಪ್ರಿಲ್‌ನಿಂದ ಅದನ್ನು ಶೇಕಡಾ 40ಕ್ಕೆ ಇಳಿಸಲಾಯಿತು. ಹಳೆಯ ದರದಲ್ಲಿ ಒಂದು ಲಕ್ಷ ರೂಪಾಯಿ ಕೊಟ್ಟು ತಂದ ಗಣಕಯಂತ್ರವು ಐದನೆಯ ವರ್ಷದ ಕೊನೆಗೆ ಪುಸ್ತಕದಲ್ಲಿ 1,024 ರೂಪಾಯಿಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಲೆಕ್ಕಪರಿಶೋಧಕರೂ ಅದರ ಕಡೆ ನೋಡುವುದಿಲ್ಲ, ಮಾಲೀಕರೂ ನೋಡುವುದಿಲ್ಲ. ಆದರೆ ಕಾರ್ಖಾನೆಯ ಒಳಗೆ ಕಾಲಿಟ್ಟರೆ, ಪುಸ್ತಕದಲ್ಲಿ ಎಂದೋ ತೀರಿಹೋದ ಅದೇ ಪೆಟ್ಟಿಗೆ ಧೂಳು ಹೊದ್ದು ಕುಳಿತು ಕಸೂತಿ ಯಂತ್ರಕ್ಕೆ ವಿನ್ಯಾಸವನ್ನೋ, ಸಿಎನ್‌ಸಿ ಲೇಥಿಗೆ ಪ್ರೋಗ್ರಾಮನ್ನೋ ಉಣಿಸುತ್ತಿರುತ್ತದೆ. ಅದರ ಬಾಯಿ ಎಂದರೆ ಫ್ಲಾಪಿ ಡ್ರೈವ್. ಆ ಬಾಯಿ ಮುಚ್ಚಿತೆಂದರೆ ಲಕ್ಷಾಂತರ ರೂಪಾಯಿಯ ಯಂತ್ರಕ್ಕೂ ಊಟವಿಲ್ಲ, ಅದನ್ನು ನಂಬಿದ ಕೆಲಸಗಾರರಿಗೂ ಅಂದು ಕೆಲಸವಿಲ್ಲ.

ಹೀಗೆ ನಿಂತ ಯಂತ್ರಗಳ ಕಥೆ ಸಾಮಾನ್ಯವಾಗಿ ಒಂದೇ ಬಗೆಯದು. ಡ್ರೈವ್ ಓದುವುದನ್ನು ನಿಲ್ಲಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ, ಊರಿನ ಗುಜರಿ ಅಂಗಡಿಯಿಂದಲೋ ಅದೇ ಅಳತೆಯ ಇನ್ನೊಂದು ಡ್ರೈವ್ ತಂದು ಹಾಕಲಾಗುತ್ತದೆ. ದೀಪ ಹತ್ತುತ್ತದೆ, ಡಿಸ್ಕ್ ಮಾತ್ರ ಓದುವುದಿಲ್ಲ. ಇಲ್ಲವೇ ದೀಪವೇ ಹತ್ತುವುದಿಲ್ಲ. ಮೂರನೆಯ ದಿನ ಬಂದ ತಂತ್ರಜ್ಞರು ಮೂಲ ಬೋರ್ಡೇ ಹೋಗಿದೆ ಎಂದು ತೀರ್ಪು ಕೊಡುತ್ತಾರೆ. ಆ ವಾರದೊಳಗೇ ಹೊಸ ಯಂತ್ರದ ದರಪಟ್ಟಿ ಮೇಜಿನ ಮೇಲೆ ಬಂದಿರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಬೋರ್ಡಿಗೆ ಏನೂ ಆಗಿರುವುದಿಲ್ಲ. ಹಳೆಯ ಡ್ರೈವ್‌ನ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಜಂಪರ್ ಯಾವ ಕಡ್ಡಿಯ ಮೇಲೆ ಕುಳಿತಿತ್ತು ಎಂಬುದನ್ನು ಯಾರೂ ನೋಡಿರುವುದಿಲ್ಲ, ನೋಡಿದ್ದರೂ ಬರೆದಿಟ್ಟಿರುವುದಿಲ್ಲ.

ಯಂತ್ರದ ಬೆಲೆ, ಖರೀದಿಯ ದಿನಾಂಕ, ಬಿಲ್ಲಿನ ಸಂಖ್ಯೆ ಇವೆಲ್ಲ ಸ್ಥಿರಾಸ್ತಿ ವಹಿಯಲ್ಲಿ ಅಚ್ಚುಕಟ್ಟಾಗಿ ಇರುತ್ತವೆ. ಯಂತ್ರವನ್ನು ನಡೆಸುವ ಜೋಡಣೆಯ ವಿವರಕ್ಕೆ ಮಾತ್ರ ಆ ವಹಿಯಲ್ಲಿ ಕಾಲಂ ಇಲ್ಲ. ಇದು ವಹಿಯ ದೋಷ. ಫ್ಲಾಪಿ ಡ್ರೈವ್ ಒಂದು ಸಾಮಾನ್ಯ ಬಿಡಿಭಾಗ, ಯಾವುದನ್ನು ತಂದು ಹಾಕಿದರೂ ನಡೆಯುತ್ತದೆ ಎಂಬ ತಿಳಿವಳಿಕೆಯೇ ಈ ದೋಷದ ಮೂಲ. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಡ್ರೈವ್‌ಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳಿತು.

ಮೊದಲು ಕೇಬಲ್ಲಿನ ವಿಚಾರ. ಡ್ರೈವನ್ನು ಗಣಕಯಂತ್ರಕ್ಕೆ ಕೂಡಿಸುವುದು 34 ತಂತಿಗಳ ಚಪ್ಪಟೆ ಪಟ್ಟಿ. ಒಂದೇ ಪಟ್ಟಿಗೆ ಒಂದಕ್ಕಿಂತ ಹೆಚ್ಚು ಡ್ರೈವ್‌ಗಳನ್ನು ತಗಲಿಸಬಹುದಾದ್ದರಿಂದ ಪ್ರತಿಯೊಂದಕ್ಕೂ ಒಂದು ಸರದಿ ಸಂಖ್ಯೆ ಬೇಕು. ಶುಗಾರ್ಟ್ ಸಂಸ್ಥೆ 1976ರಲ್ಲಿ ಐದೂಕಾಲು ಇಂಚಿನ ಡ್ರೈವ್ ತಂದಾಗಿನಿಂದ ನಡೆದುಬಂದ ಪದ್ಧತಿಯಂತೆ, ಡ್ರೈವ್‌ನ ಮೇಲಿನ ಜಂಪರ್ ಈ ಸಂಖ್ಯೆಯನ್ನು ನಿರ್ಧರಿಸುತ್ತದೆ. 1981ರಲ್ಲಿ ತನ್ನ ಪಿಸಿಯನ್ನು ಹೊರತಂದ ಐಬಿಎಂ ಬೇರೊಂದು ಹಾದಿ ಹಿಡಿಯಿತು. ಎಲ್ಲ ಡ್ರೈವ್‌ಗಳ ಜಂಪರನ್ನೂ ಎರಡನೆಯ ಸ್ಥಾನದಲ್ಲಿಯೇ ಇರಿಸಿ, ಕೇಬಲ್ಲಿನಲ್ಲಿ 10ರಿಂದ 16ರವರೆಗಿನ ಏಳು ತಂತಿಗಳನ್ನು ಕೊನೆಯ ಕನೆಕ್ಟರಿಗೆ ಮುನ್ನ ಸೀಳಿ ತಿರುಚಿತು. ತಿರುವಿನ ಆಚೆಗೆ ಕೂಡಿಸಿದ ಡ್ರೈವ್ ‘ಎ’, ಈಚೆಗಿನದು ‘ಬಿ’. ಜೋಡಿಸುವವನು ಜಂಪರನ್ನು ಮುಟ್ಟಬೇಕಾಗಿಯೇ ಇಲ್ಲ. ಜಾಣತನದ ಉಪಾಯವೇ ಸರಿ. ಐಬಿಎಂನ ಹಾದಿಯಲ್ಲಿ ನಡೆದ ಪಿಸಿಗಳೆಲ್ಲ ಇದನ್ನು ಅನುಸರಿಸಿದವು.

ಆದರೆ ಪಿಸಿಯ ಹೊರಗಿನ ಲೋಕ ಇದನ್ನು ಒಪ್ಪಲಿಲ್ಲ. ಕಸೂತಿ ಯಂತ್ರ, ಸಿಎನ್‌ಸಿ ನಿಯಂತ್ರಕ, ಸಂಗೀತದ ಕೀಬೋರ್ಡು, ಪರೀಕ್ಷಣಾ ಉಪಕರಣ ಮುಂತಾದವುಗಳ ಒಳಗೆ ಸಾಮಾನ್ಯವಾಗಿ ತಿರುವಿಲ್ಲದ ನೇರ ಕೇಬಲ್ ಇರುತ್ತದೆ. ಅಲ್ಲಿ ಇರುವುದೇ ಒಂದು ಡ್ರೈವ್, ಅದಕ್ಕೆ ಮೊದಲನೆಯ ಸ್ಥಾನದ ಜಂಪರ್ ಬೇಕು. ಪಿಸಿಯಿಂದ ಕಿತ್ತ ಡ್ರೈವನ್ನು ಅಲ್ಲಿ ಹಾಕಿದರೆ ಯಂತ್ರ ಮೊದಲನೆಯವನನ್ನು ಕರೆಯುತ್ತದೆ, ಎರಡನೆಯವನು ಸುಮ್ಮನೆ ಕುಳಿತಿರುತ್ತಾನೆ. ಸಾಲದ್ದಕ್ಕೆ ಎಣಿಕೆಯಲ್ಲಿಯೂ ಗೊಂದಲ. ಕೆಲವು ತಯಾರಕರು ಡಿಎಸ್ 0ಯಿಂದ ಡಿಎಸ್ 3ರವರೆಗೆ ಎಣಿಸಿದರೆ, ಮತ್ತೆ ಕೆಲವರು ಡಿಎಸ್ 1ರಿಂದ ಡಿಎಸ್ 4ರವರೆಗೆ ಎಣಿಸಿದರು. ಒಬ್ಬರ ‘1’ ಎರಡನೆಯ ಸ್ಥಾನ, ಇನ್ನೊಬ್ಬರ ‘1’ ಮೊದಲನೆಯ ಸ್ಥಾನ. ಆದ್ದರಿಂದ ‘ಜಂಪರ್ ಒಂದರಲ್ಲಿತ್ತು’ ಎಂದು ಬರೆದಿಟ್ಟರೆ ಬರೆದಂತಾಗಲಿಲ್ಲ. ಬೋರ್ಡಿನ ಮೇಲೆ ಅಚ್ಚಾಗಿರುವ ಅಕ್ಷರಗಳ ಸಾಲನ್ನು ಪೂರ್ತಿಯಾಗಿ ಬರೆದು, ಯಾವ ಕಡ್ಡಿಯ ಮೇಲೆ ಇತ್ತು ಎಂದು ಗುರುತು ಮಾಡಬೇಕು. ಕೊನೆಕೊನೆಗೆ ಬಂದ ಮೂರೂವರೆ ಇಂಚಿನ ಪಿಸಿ ಡ್ರೈವ್‌ಗಳಲ್ಲಿ ಎಷ್ಟೋ ಮಾದರಿಗಳಿಗೆ ಜಂಪರೇ ಇಲ್ಲ. ಎರಡನೆಯ ಸ್ಥಾನವನ್ನು ಕಾರ್ಖಾನೆಯಲ್ಲಿಯೇ ಬೆಸುಗೆ ಹಾಕಿ ಕಳುಹಿಸಿರುತ್ತಾರೆ. ಬೆಸುಗೆ ಕಾವಲಿ ಹಿಡಿಯಬಲ್ಲ ಒಬ್ಬ ಹುಡುಗನಿಂದ ಅದನ್ನು ಬದಲಾಯಿಸಬಹುದು, ಬದಲಾಯಿಸಬೇಕೆಂದು ಮೊದಲು ಗೊತ್ತಾಗಬೇಕು.

ಎರಡನೆಯದು 34ನೆಯ ತಂತಿ. ಲೆಕ್ಕಪತ್ರ ಇಡುವವರು ವಿಶೇಷವಾಗಿ ಅಂಜಬೇಕಾದದ್ದು ಇದಕ್ಕೇ. ಪಿಸಿಯಲ್ಲಿ ಈ ತಂತಿ ‘ಡಿಸ್ಕ್ ಬದಲಾಗಿದೆ’ ಎಂಬ ಸುದ್ದಿಯನ್ನು ಹೊರುತ್ತದೆ. ಬೇರೆ ಅನೇಕ ಯಂತ್ರಗಳಲ್ಲಿ ಅದೇ ತಂತಿ ‘ಡ್ರೈವ್ ಸಿದ್ಧವಾಗಿದೆ’ ಎಂಬ ಸುದ್ದಿಯನ್ನು ಹೊರುತ್ತದೆ. ಸಿದ್ಧವೆಂಬ ಸಂಕೇತವನ್ನು ಕಾಯುವ ಯಂತ್ರಕ್ಕೆ ಪಿಸಿಯ ಡ್ರೈವ್ ಹಾಕಿದರೆ ಅದು ಕಾಯುತ್ತಲೇ ಇರುತ್ತದೆ. ಅಲ್ಲಿ ನಷ್ಟವೆಂದರೆ ಸಮಯ ಮಾತ್ರ. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಕೆಟ್ಟದ್ದು. ಪಿಸಿಯಲ್ಲಿ ಡಿಸ್ಕ್ ಬದಲಾದ ಸುದ್ದಿ ಬಾರದಂತೆ ಜಂಪರ್ ಇದ್ದರೆ, ಮೊದಲ ಫ್ಲಾಪಿಯನ್ನು ತೆಗೆದು ಎರಡನೆಯದನ್ನು ಹಾಕಿದರೂ ಪರದೆಯ ಮೇಲೆ ಮೊದಲನೆಯದರ ಕಡತಪಟ್ಟಿಯೇ ಕಾಣುತ್ತದೆ. ಇದನ್ನು ಅರಿಯದೆ ಎರಡನೆಯದರ ಮೇಲೆ ಏನನ್ನಾದರೂ ಉಳಿಸಿದರೆ, ಮೊದಲ ಡಿಸ್ಕಿನ ಕಡತ ನಕ್ಷೆ ಎರಡನೆಯ ಡಿಸ್ಕಿನ ಮೇಲೆ ಬರೆಯಲ್ಪಟ್ಟು ಅದರಲ್ಲಿದ್ದುದೆಲ್ಲ ಕೈಬಿಟ್ಟಂತೆಯೇ. ಏಪ್ರಿಲ್ ತಿಂಗಳ ಖಾತೆಯ ಪಟ್ಟಿ ಮೇ ತಿಂಗಳ ಫ್ಲಾಪಿಯನ್ನು ನುಂಗಿತೆಂದು ತಿಳಿದರೆ ಸರಿಹೋಗುತ್ತದೆ. ಡ್ರೈವ್ ಕೆಟ್ಟಿದ್ದರೆ ಓದುವುದಿಲ್ಲವೆಂದಾದರೂ ಹೇಳುತ್ತದೆ, ಜೋಡಣೆ ತಪ್ಪಾಗಿರುವ ಡ್ರೈವ್ ಸುಳ್ಳು ಹೇಳುತ್ತದೆ.

ಈ ಕಾರಣದಿಂದಲೇ ಹೊಸದಾಗಿ ಕೂಡಿಸಿದ ಡ್ರೈವ್‌ಗೆ ಮೂಲ ಡಿಸ್ಕನ್ನು ತಿನ್ನಿಸಬಾರದು. ಎರಡು ಹಾಳು ಡಿಸ್ಕುಗಳನ್ನು ಒಂದರ ನಂತರ ಒಂದು ಹಾಕಿ, ಪಟ್ಟಿ ಬದಲಾಗುತ್ತದೆಯೇ ಎಂದು ಮೊದಲು ನೋಡಬೇಕು. ಅನಂತರವೂ ಮೂಲ ಡಿಸ್ಕಿಗೆ ಬರೆಯದಂತೆ ತಡೆ ಹಾಕಿಯೇ ಒಳಗೆ ಬಿಡಬೇಕು. ತಡೆಯ ಗುರುತಿನಲ್ಲಿಯೂ ಒಂದು ತಮಾಷೆಯಿದೆ. ಮೂರೂವರೆ ಇಂಚಿನ ಡಿಸ್ಕಿನಲ್ಲಿ ಮೂಲೆಯ ಕಿಂಡಿ ತೆರೆದಿದ್ದರೆ ತಡೆಯಿದೆ ಎಂದರ್ಥ. ಐದೂಕಾಲು ಇಂಚಿನದರಲ್ಲಿ ಅಂಚಿನ ಕಚ್ಚನ್ನು ಅಂಟುಪಟ್ಟಿಯಿಂದ ಮುಚ್ಚಿದ್ದರೆ ತಡೆಯಿದೆ ಎಂದರ್ಥ. ಒಂದಕ್ಕೊಂದು ತದ್ವಿರುದ್ಧ.

ಟರ್ಮಿನೇಟರ್ ಎಂಬ ಪುಟ್ಟ ರೆಸಿಸ್ಟರ್ ಕಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಐದೂಕಾಲು ಇಂಚಿನ ಡ್ರೈವ್‌ಗಳಲ್ಲಿ ಅದು ಕೇಬಲ್ಲಿನ ತುದಿಯ ಡ್ರೈವ್‌ನಲ್ಲಿ ಮಾತ್ರ ಇರಬೇಕು, ನಡುವಿನದರಲ್ಲಿ ಇರಬಾರದು. ಕೇಬಲ್ ತಿರುಗುಮುರುಗಾಗಿ ಕೂಡಿಸಿದ್ದರೆ ಡ್ರೈವ್‌ನ ದೀಪ ಆರದೆ ಉರಿಯುತ್ತಲೇ ಇರುತ್ತದೆ, ಪಟ್ಟಿಯ ಕೆಂಪು ಗೆರೆ ಒಂದನೆಯ ಕಡ್ಡಿಯ ಕಡೆಗಿದೆಯೇ ಎಂದು ನೋಡಿದರಾಯಿತು.

ಬಯಾಸ್ ಸೆಟಪ್ಪಿನ ವಿಚಾರ ಇಷ್ಟು ಹಗುರವಲ್ಲ. 1984ರ ಐಬಿಎಂ ಎಟಿಯಿಂದ ಈಚೆಗಿನ ಪಿಸಿಗಳು ‘ಎ’ ಡ್ರೈವ್ 360 ಕೆ.ಬಿ.ಯದೋ, 1.2 ಎಂ.ಬಿ.ಯದೋ, 720 ಕೆ.ಬಿ.ಯದೋ, 1.44 ಎಂ.ಬಿ.ಯದೋ ಎಂಬುದನ್ನು ಬ್ಯಾಟರಿಯ ಬಲದಿಂದ ಉಳಿಯುವ ಸ್ಮೃತಿಯಲ್ಲಿ ನೆನಪಿಟ್ಟುಕೊಳ್ಳುತ್ತವೆ. ಬ್ಯಾಟರಿ ತೀರಿದರೆ ನೆನಪೂ ತೀರಿತು. ಮರುದಿನ ಬೆಳಿಗ್ಗೆ ಗಣಕಯಂತ್ರ ತನಗೆ ಫ್ಲಾಪಿ ಡ್ರೈವೇ ಇಲ್ಲವೆನ್ನುತ್ತದೆ. ನಾಣ್ಯದಾಕಾರದ ಬ್ಯಾಟರಿಯಾದರೆ ಬದಲಿಸಿ, ಡ್ರೈವ್‌ನ ಬಗೆಯನ್ನು ಮತ್ತೆ ಆರಿಸಿದರೆ ಮುಗಿಯಿತು. ಇನ್ನೂ ಹಳೆಯ ಬೋರ್ಡುಗಳಲ್ಲಿ ಬೆಸುಗೆ ಹಾಕಿರುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ ಅದನ್ನು ಕತ್ತರಿಸಿ ತೆಗೆಸುವುದು ಕ್ಷೇಮ. ಸಿಎನ್‌ಸಿ ಯಂತ್ರಗಳ ಪ್ಯಾರಾಮೀಟರುಗಳೂ ಹೀಗೆಯೇ ಬ್ಯಾಟರಿಯನ್ನು ನಂಬಿ ಬದುಕುವಂಥವು. ಅವುಗಳ ಪ್ರತಿ ಇರುವುದು ಯಾವುದೋ ಫ್ಲಾಪಿಯಲ್ಲಿ, ಆ ಫ್ಲಾಪಿ ಇರುವುದು ಯಾವುದೋ ಡ್ರಾಯರಿನಲ್ಲಿ.

ಡಿಸ್ಕುಗಳ ಅಳತೆಯಲ್ಲಿಯೂ ಹಣ ಕಳೆಯುವ ಸಂದರ್ಭಗಳಿವೆ. 360 ಕೆ.ಬಿ.ಯ ಡ್ರೈವ್ ಒಂದು ಮುಖದಲ್ಲಿ 40 ಟ್ರ್ಯಾಕುಗಳನ್ನು ಬರೆದರೆ, 1.2 ಎಂ.ಬಿ.ಯ ಡ್ರೈವ್ ಅಷ್ಟೇ ಜಾಗದಲ್ಲಿ 80 ಟ್ರ್ಯಾಕುಗಳನ್ನು ಬರೆಯುತ್ತದೆ. ಅದರ ಹೆಡ್ ಅಷ್ಟು ಕಿರಿದು. ಹಳೆಯ ಡಿಸ್ಕನ್ನು ಹೊಸ ಡ್ರೈವ್ ಓದಬಲ್ಲದು. ಆದರೆ ಹಳೆಯ ಡ್ರೈವ್ ಬರೆದ ಅಗಲವಾದ ಗೆರೆಯ ಮೇಲೆ ಅದು ಕಿರಿದಾದ ಗೆರೆ ಎಳೆದರೆ, ಅಂಚಿನಲ್ಲಿ ಹಳೆಯದರ ಉಳಿಕೆ ಹಾಗೆಯೇ ಇರುತ್ತದೆ. ಆ ಡಿಸ್ಕನ್ನು ಮರಳಿ ಹಳೆಯ ಯಂತ್ರಕ್ಕೆ ಕೊಟ್ಟಾಗ ಎರಡೂ ಕಲಸಿಹೋಗುತ್ತವೆ. ಹೊಸದರಲ್ಲಿ ಓದುವುದು, ಬರೆಯುವುದು ಹಳೆಯದರಲ್ಲೇ, ಎಂಬ ಕಟ್ಟುಪಾಡನ್ನು ಇಂಥ ಕಡೆ ಪಾಲಿಸಬೇಕು. 720 ಕೆ.ಬಿ.ಯ ಡಿಸ್ಕನ್ನೇ ಬೇಡುವ ಯಂತ್ರಕ್ಕೆ 1.44ರ ಡಿಸ್ಕಿನ ಎರಡನೆಯ ರಂಧ್ರವನ್ನು ಮುಚ್ಚಿ ಕೊಡುವ ರೂಢಿಯೂ ಇದೆ. ಮೂರೂವರೆ ಇಂಚಿನಲ್ಲಿ ಅದು ಕೆಲವೊಮ್ಮೆ ನಡೆಯುತ್ತದೆ, ಬಹುಕಾಲ ನಂಬುವಂತಿಲ್ಲ. ಐದೂಕಾಲು ಇಂಚಿನಲ್ಲಿ ಲೇಪದ ಗುಣವೇ ಬೇರೆಯಾದುದರಿಂದ ಇಂಥ ಬದಲಿ ನಡೆಯುವುದೇ ಇಲ್ಲ. ಕರಾವಳಿಯ ಸದಸ್ಯರಿಗೆ ಇನ್ನೊಂದು ತೊಡಕು ಬೂಷ್ಟು. ಮಳೆಗಾಲ ಕಳೆದ ಮೇಲೆ ಬೂಷ್ಟು ಹಿಡಿದ ಡಿಸ್ಕನ್ನು ಒಮ್ಮೆ ಡ್ರೈವ್‌ಗೆ ಹಾಕಿದರೆ ಹೆಡ್ಡಿಗೆ ಮೆತ್ತಿಕೊಂಡ ಕೊಳೆ ಮುಂದಿನ ಒಳ್ಳೆಯ ಡಿಸ್ಕನ್ನೂ ಗೀರುತ್ತದೆ. ಇದು ಜಂಪರಿನ ವಿಷಯವಲ್ಲದಿದ್ದರೂ ‘ಹೊಸ ಡ್ರೈವ್ ಸರಿಯಿಲ್ಲ’ ಎಂಬ ದೂರುಗಳಲ್ಲಿ ಇದರ ಪಾಲು ಸಣ್ಣದಲ್ಲ.

ಇಷ್ಟೆಲ್ಲ ತಾಪತ್ರಯದ ಬದಲು ಹೊಸ ಯಂತ್ರವನ್ನೇ ತರಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಫ್ಲಾಪಿಯ ಕಾಲ ಮುಗಿದಿದೆ ಎಂಬುದರಲ್ಲಿ ಅನುಮಾನವೂ ಇಲ್ಲ. ಸೋನಿ ಸಂಸ್ಥೆ 2011ರಲ್ಲಿ ಜಪಾನಿನಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ಆದರೂ ಅಮೆರಿಕದ ವಾಯುಪಡೆ ಎಂಟು ಇಂಚಿನ ಫ್ಲಾಪಿಯನ್ನು ತನ್ನ ಅಣ್ವಸ್ತ್ರ ಪಡೆಗಳ ಸಂದೇಶ ವ್ಯವಸ್ಥೆಯಿಂದ ಕೈಬಿಟ್ಟದ್ದು 2019ರಲ್ಲಿ. ಜಪಾನ್ ಸರ್ಕಾರ ಫ್ಲಾಪಿಯಲ್ಲಿ ಅರ್ಜಿ ಸಲ್ಲಿಸಬೇಕೆಂಬ ಸಾವಿರಕ್ಕೂ ಮಿಕ್ಕ ನಿಯಮಗಳನ್ನು ಪೂರ್ತಿಯಾಗಿ ತೆಗೆದುಹಾಕಿದ್ದು 2024ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ನಗರ ತನ್ನ ರೈಲು ನಿಯಂತ್ರಣವನ್ನು ಫ್ಲಾಪಿಯಿಂದ ಬಿಡಿಸಲು 21 ಕೋಟಿ ಡಾಲರಿಗೂ ಮೀರಿದ ಗುತ್ತಿಗೆಗೆ ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ. ಅಷ್ಟು ದೊಡ್ಡವರೇ ಕಾದು, ಲೆಕ್ಕ ಹಾಕಿ ಬದಲಾಯಿಸುತ್ತಿರುವಾಗ, ಪೀಣ್ಯದ ಅಥವಾ ಬೆಳಗಾವಿಯ ಒಬ್ಬ ಸಣ್ಣ ಉದ್ಯಮಿ ಯಂತ್ರ ನಿಂತ ಗಾಬರಿಯಲ್ಲಿ ಒಂದೇ ವಾರದೊಳಗೆ ಸಾಲಪತ್ರಕ್ಕೆ ಸಹಿ ಮಾಡಬೇಕಾದ್ದಿಲ್ಲ. ಹೊಸ ಯಂತ್ರ ಹೆಚ್ಚು ಉತ್ಪಾದಿಸುತ್ತದೆ, ವಿದ್ಯುತ್ ಉಳಿಸುತ್ತದೆ, ಗ್ರಾಹಕ ಬಯಸುವ ನಯವನ್ನು ಕೊಡುತ್ತದೆ ಎಂದಾದರೆ ಅವಶ್ಯ ಕೊಳ್ಳಲಿ. ಫ್ಲಾಪಿ ಓದುವುದಿಲ್ಲ ಎಂಬುದೊಂದೇ ಕಾರಣವಾದರೆ ಅದು ಬಂಡವಾಳ ಹೂಡಿಕೆಯ ಕಾರಣವಲ್ಲ, ದುರಸ್ತಿಯ ಕಾರಣ.

ಆ ದುರಸ್ತಿಗೂ ಇಂದು ಒಳ್ಳೆಯ ದಾರಿಯಿದೆ. ಚೀನಾದಲ್ಲಿ ತಯಾರಾಗುವ ಗೋಟೆಕ್ ಎಂಬ ಎಮ್ಯುಲೇಟರ್ ಮೂರೂವರೆ ಇಂಚಿನ ಡ್ರೈವ್‌ನ ಜಾಗದಲ್ಲಿಯೇ ಕೂರುತ್ತದೆ, ಅದೇ 34 ತಂತಿಗಳ ಪಟ್ಟಿಗೆ ಸೇರುತ್ತದೆ, ಮುಂಬದಿಯಲ್ಲಿ ಫ್ಲಾಪಿಯ ಬದಲು ಯುಎಸ್‌ಬಿ ಕಡ್ಡಿಯನ್ನು ಪಡೆಯುತ್ತದೆ. ಒಂದು ಕಡ್ಡಿಯಲ್ಲಿ ನೂರಾರು ಫ್ಲಾಪಿಗಳ ಪ್ರತಿರೂಪ ಹಿಡಿಯುತ್ತದೆ. ಖರ್ಚು ಕೆಲವೇ ಸಾವಿರ ರೂಪಾಯಿ. ಫ್ಲ್ಯಾಶ್‌ಫ್ಲಾಪಿ ಎಂಬ ಉಚಿತ ತಂತ್ರಾಂಶವನ್ನು ಅದರೊಳಗೆ ತುಂಬಿದರೆ ಬೇರೆ ಬೇರೆ ವಿನ್ಯಾಸಕ್ರಮಗಳನ್ನೂ ನಿಭಾಯಿಸುತ್ತದೆ. ಆದರೆ ಇದನ್ನು ಮಾರುವವರು ಸಾಮಾನ್ಯವಾಗಿ ಹೇಳದ ಮಾತೊಂದಿದೆ: ಇದಕ್ಕೂ ಜಂಪರ್ ಇದೆ. ನೇರ ಕೇಬಲ್ಲಿಗೆ ಎಸ್ 0, ತಿರುವಿನ ಕೇಬಲ್ಲಿಗೆ ಎಸ್ 1. 34ನೆಯ ತಂತಿಯಲ್ಲಿ ಯಾವ ಸುದ್ದಿ ಹೋಗಬೇಕೆಂಬುದನ್ನೂ ಇದಕ್ಕೆ ತಿಳಿಸಬೇಕು. ಹಳೆಯ ಡ್ರೈವ್‌ನ ಜೋಡಣೆ ಬರೆದಿಟ್ಟವರಿಗೆ ಇದು ಅರ್ಧ ಗಂಟೆಯ ಕೆಲಸ. ಬರೆದಿಡದೆ ಹಳೆಯದನ್ನು ಗುಜರಿಗೆ ಹಾಕಿದವರು ಮತ್ತೆ ಮೊದಲಿನಿಂದ ಹುಡುಕಬೇಕು.

ಹಳೆಯ ಫ್ಲಾಪಿಗಳಿಂದ ಪ್ರತಿರೂಪ ತೆಗೆಯುವುದು ಬೇರೆಯೇ ಕೆಲಸ. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್ ಪಿಸಿಯ ಮಾಮೂಲು ಮೂರೂವರೆ ಇಂಚಿನ ಡಿಸ್ಕುಗಳಿಗೆ ಸಾಕು. ತಯಾರಕರು ತಮ್ಮದೇ ಕ್ರಮದಲ್ಲಿ ಬರೆದ ಕಸೂತಿ ಡಿಸ್ಕುಗಳನ್ನು ಅದು ಗುರುತಿಸುವುದಿಲ್ಲ. ಅಂಥವಕ್ಕೆ ನಿಜವಾದ ಫ್ಲಾಪಿ ನಿಯಂತ್ರಕವುಳ್ಳ ಹಳೆಯ ಪಿಸಿ ಬೇಕು, ಇಲ್ಲವೇ ಡ್ರೈವ್‌ನ ಕಾಂತೀಯ ಸ್ಪಂದನಗಳನ್ನೇ ನೇರವಾಗಿ ದಾಖಲಿಸುವ ಗ್ರೀಸ್‌ವೀಸಲ್‌ನಂಥ ಫಲಕ ಬೇಕು. ಕೆಲಸಕ್ಕೆ ಬಾರದೆಂದು ಹಳೆಯ ಪಿಸಿಯನ್ನು ವಿಲೇವಾರಿ ಮಾಡುವ ಮುನ್ನ ಇದನ್ನು ಯೋಚಿಸಬೇಕು.

ಯಂತ್ರಗಳಿಲ್ಲದ ವರ್ತಕರಿಗೆ ಈ ಚರ್ಚೆ ಸಂಬಂಧಿಸಿದ್ದಲ್ಲವೆಂದು ತೋರಬಹುದು. ಆದರೆ ಅವರ ಬೀರುವಿನಲ್ಲಿಯೂ ಫ್ಲಾಪಿಗಳಿವೆ. 2003ರಲ್ಲಿ ವಿದ್ಯುನ್ಮಾನ ಟಿಡಿಎಸ್ ಯೋಜನೆ ಬಂದಾಗ ಕಡತವನ್ನು ಫ್ಲಾಪಿಯಲ್ಲಿಯೋ ಸಿಡಿಯಲ್ಲಿಯೋ ಇರಿಸಿ, ನಮೂನೆ 27ಎ ಮೇಲೆ ಸಹಿ ಮಾಡಿ, ಸ್ವೀಕಾರ ಕೇಂದ್ರಕ್ಕೆ ಕೊಡುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಆ ದಿನಗಳ ಖಾತೆಗಳ ಬ್ಯಾಕಪ್ಪೂ ಫ್ಲಾಪಿಗಳಲ್ಲೇ ಇದೆ. ಕಂಪನಿ ಕಾಯಿದೆ 2013ರ 128ನೆಯ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷಗಳ ಕಾಲ ಕಾಪಾಡಿದರೆ ಸಾಕು. ಆ ಅವಧಿ ಎಂದೋ ಮುಗಿದಿದೆ. ಆದರೆ ಪಾಲುದಾರಿಕೆಯ ಹಳೆಯ ವ್ಯಾಜ್ಯ, ಕುಟುಂಬದ ವಿಭಾಗ, ಶೆಡ್ಡನ್ನು ಮಾರುವಾಗ ಅದರ ಮೇಲೆ ಮಾಡಿದ ಸುಧಾರಣಾ ವೆಚ್ಚದ ಪುರಾವೆ ಮುಂತಾದವು ಎಂಟು ವರ್ಷದ ಗಡುವನ್ನು ಕೇಳಿ ಬರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ 7ನೆಯ ಕಲಮು, ವಿದ್ಯುನ್ಮಾನ ದಾಖಲೆಯನ್ನು ಕಾಪಾಡಿದಂತಾಗಬೇಕಾದರೆ ಅದು ಮುಂದೆ ಬೇಕಾದಾಗ ತೆರೆದು ಬಳಸುವಂತಿರಬೇಕು ಎನ್ನುತ್ತದೆ. ಓದುವ ಡ್ರೈವ್ ಇಲ್ಲದ ಫ್ಲಾಪಿ ಬೀಗದ ಕೈ ಕಳೆದುಹೋದ ತಿಜೋರಿಯೂ ಅಲ್ಲ, ತಿಜೋರಿಯನ್ನಾದರೆ ಒಡೆಯಬಹುದು.

ಇಂಥ ಕಡೆ ಒಬ್ಬೊಬ್ಬ ಸದಸ್ಯರೂ ಪ್ರತ್ಯೇಕವಾಗಿ ಪರದಾಡುವುದಕ್ಕಿಂತ ಸಂಸ್ಥೆಯ ಮಟ್ಟದಲ್ಲಿ ಒಂದು ವ್ಯವಸ್ಥೆ ಆಗುವುದು ಅಗ್ಗ. ಎರಡೂ ಅಳತೆಯ ಡ್ರೈವ್‌ಗಳನ್ನು ಸರಿಯಾಗಿ ಕೂಡಿಸಿದ ಒಂದು ಹಳೆಯ ಪಿಸಿಯನ್ನು ವಾಣಿಜ್ಯ ಸಂಸ್ಥೆಗಳು ತಮ್ಮ ಕಚೇರಿಗಳಲ್ಲಿ ಇರಿಸಿ, ಅಲ್ಪ ಶುಲ್ಕಕ್ಕೆ ಸದಸ್ಯರ ಡಿಸ್ಕುಗಳ ಪ್ರತಿ ತೆಗೆದುಕೊಡಬಹುದು. ಜೊತೆಗೆ ಒಂದು ನೋಂದಣಿ ವಹಿ ತೆರೆಯಬಹುದು: ಯಾವ ಮಾದರಿಯ ಯಂತ್ರ, ಯಾವ ಡ್ರೈವ್, ಕೇಬಲ್ ನೇರವೋ ತಿರುವೋ, ಜಂಪರ್ ಎಲ್ಲಿತ್ತು, ಯಾವ ಎಮ್ಯುಲೇಟರ್ ಹೊಂದಿತು ಎಂಬ ವಿವರ ಅದರಲ್ಲಿರಲಿ. ಒಬ್ಬ ಸದಸ್ಯರ ಕಸೂತಿ ಯಂತ್ರದಲ್ಲಿ ಪಟ್ಟ ಪಾಡು ಅದೇ ಮಾದರಿಯ ಯಂತ್ರವಿರುವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲಿ. ವ್ಯಾಪಾರದ ಗುಟ್ಟು ಇದರಲ್ಲಿ ಏನೂ ಇಲ್ಲ. ಸ್ಪರ್ಧಿಗೆ ನೆರವಾದೀತು ಎಂದು ಜಂಪರಿನ ಸ್ಥಾನವನ್ನು ಮುಚ್ಚಿಡುವಷ್ಟು ಸಣ್ಣತನ ಈ ಭಾಗದ ಉದ್ಯಮಿಗಳಲ್ಲಿ ಇರಲಾರದು.

ಅದು ಆಗುವವರೆಗೆ ಮಾರ್ಚ್ ಕೊನೆಯ ದಾಸ್ತಾನು ಎಣಿಕೆಯೇ ಒಳ್ಳೆಯ ಸಂದರ್ಭ. ಯಂತ್ರಗಳನ್ನು ಎಣಿಸಲು ಹೇಗೂ ಒಬ್ಬರು ಕಾಗದ ಹಿಡಿದು ಓಡಾಡುತ್ತಾರೆ. ವಿದ್ಯುತ್ ಸಂಪರ್ಕ ತೆಗೆದು, ಫಲಕ ಬಿಚ್ಚಿ, ಡ್ರೈವ್‌ನ ಹಿಂಬದಿ, ಕೇಬಲ್, ಜಂಪರ್, ಬ್ಯಾಟರಿ ಇವುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಮತ್ತೆ ಚಾಲೂ ಮಾಡಿದಾಗ ಬಯಾಸ್ ಸೆಟಪ್ಪಿನ ಪರದೆಯ ಚಿತ್ರವನ್ನೂ ತೆಗೆದುಕೊಂಡರೆ ಒಂದು ಯಂತ್ರಕ್ಕೆ ಕಾಲು ಗಂಟೆ. ಆ ಚಿತ್ರಗಳನ್ನು ಮುದ್ರಿಸಿ ಸ್ಥಿರಾಸ್ತಿ ವಹಿಯ ಅದೇ ಪುಟಕ್ಕೆ, 1,024 ರೂಪಾಯಿ ಎಂದು ಬರೆದಿರುವ ಸಾಲಿನ ಪಕ್ಕಕ್ಕೆ, ಅಂಟಿಸಬೇಕು. ಇನ್ನೊಂದು ಪ್ರತಿ ಯಂತ್ರದ ಬಾಗಿಲಿನ ಒಳಬದಿಯಲ್ಲಿರಲಿ. ತೆಗೆದುಹಾಕಿದ ಹಳೆಯ ಡ್ರೈವನ್ನು ಜಂಪರ್ ಕದಲದಂತೆ ಕಾಗದದಲ್ಲಿ ಸುತ್ತಿ, ಯಾವ ಯಂತ್ರದ್ದೆಂದು ಮೇಲೆ ಬರೆದು, ಅದೇ ಕೋಣೆಯ ಕಪಾಟಿನಲ್ಲಿ ಇಡಬೇಕು.